ರಿಪೇರಿ ಪುಸ್ತಕ

ಡಾಕ್ಟರು ಪುಸ್ತಕದ ಹಾಳೆ ತಿರುವಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹನ್ನೊಂದು ದಿನದಿಂದ ಬರೀ ತಾರೀಕು ಹಾಕಿದ್ದೀರಿ. ಮುಂದೆ ಏನೂ ಇಲ್ಲ. ಮಾತ್ರೆ ಬಿಟ್ಟುಬಿಟ್ರಾ?"

ಎದುರಿಗೆ ಕೂತಿದ್ದ ಬಸ್ ಡ್ರೈವರಮ್ಮ ಪುಸ್ತಕದತ್ತ ಬಗ್ಗಿದಳು. ಬೆಳಗಿನ ಐದೂವರೆಯ ಮೊದಲ ಬಸ್ಸು ಹದಿನಾಲ್ಕು ವರ್ಷ ಅವಳದಾಗಿತ್ತು. ಮನಸ್ಸು ಕುಸಿದು ಅವಳು ಹಾಸಿಗೆ ಹಿಡಿದ ಮೇಲೆ ಅದು ಬೇರೆಯವರ ಪಾಲಾಯಿತು. ಈ ಡಾಕ್ಟರು 'ಕೆಲಸಕ್ಕೆ ಫಿಟ್' ಎಂದು ಚೀಟಿ ಬರೆದುಕೊಡದೆ ಡಿಪೋದವರು ಅವಳಿಗೆ ಸ್ಟೇರಿಂಗ್ ಮುಟ್ಟಲು ಬಿಡುವಂತಿರಲಿಲ್ಲ. ಇವತ್ತು ಚೀಟಿ ಇಲ್ಲದೆ ಏಳುವುದಿಲ್ಲ ಎಂದು ನಿರ್ಧರಿಸಿಯೇ ಬಂದಿದ್ದಳು.

ಮೊದಲು ಕೊಟ್ಟಿದ್ದು ಅಮಿಟ್ರಿಪ್ಟಿಲಿನ್ ಮಾತ್ರೆ. ಅಳು ನಿಂತಿತು, ನಿದ್ದೆ ಬಂತು. ಬಂದ ನಿದ್ದೆ ಮಾತ್ರ ಹೋಗಲೊಲ್ಲದು! ಬೆಳಿಗ್ಗೆ ಹತ್ತಾದರೂ ರೆಪ್ಪೆ ಭಾರ, ಬಾಯೆಲ್ಲ ಒಣ ಒಣ. ಆಮೇಲೆ ಡಾಕ್ಟರು, "ನಾರ್ಟ್ರಿಪ್ಟಿಲಿನ್ ಅದೇ ಮನೆತನದ್ದು, ಮಂಪರು ಕಮ್ಮಿ. ನೋಡೋಣ" ಎಂದು ಬದಲಾಯಿಸಿದ್ದರು. ಎರಡನ್ನೂ ಹೋಲಿಸಬೇಕು, ದಿನಾ ಬರೆದಿಡಿ ಎಂದೂ ಹೇಳಿದ್ದರು. ಅವಳಿಗೆ ಗೊತ್ತಿದ್ದುದು ಬಸ್ಸಿನ ದೋಷ ಬರೆದಿಡುವ ಡಿಪೋದ ರಿಪೇರಿ ಪುಸ್ತಕ ಒಂದೇ. ಹಾಗೆಯೇ ಗೆರೆ ಹೊಡೆದಿದ್ದಳು: ತಾರೀಕು, ದೋಷ.

ಪಕ್ಕದಲ್ಲಿದ್ದ ಅತ್ತೆ ಬಾಯಿ ಹಾಕಿದರು. "ಹಳೇ ಮಾತ್ರೆನೇ ವಾಸಿ ಡಾಕ್ಟ್ರೇ. ಕೊರಡಿನ ಹಾಗೆ ಬಿದ್ಕೊಂಡಿರ್ತಿದ್ಲು, ಮನೇಲಿದ್ದಾಳೆ ಅನ್ನೋ ಧೈರ್ಯ ನನಗೆ. ಈಗ ನಾಲ್ಕೂವರೆಗೇ ಎದ್ದು ಪಾತ್ರೆ ಸದ್ದು ಮಾಡ್ತಾಳೆ. ಜೊತೆಗೆ ಹಾಡು ಬೇರೆ. ನನ್ನ ನಿದ್ದೆ ಹಾಳು."

"ಹಾಡ್ತಾರಾ?" ಡಾಕ್ಟರು ಸೊಸೆಯತ್ತ ತಿರುಗಿದರು. "ಮತ್ತೆ ಬರೆಯೋದು ಯಾಕೆ ನಿಲ್ಲಿಸಿದ್ರಿ?"

"ನಿಲ್ಲಿಸಿಲ್ಲ ಸಾರ್. ಮಾತ್ರೆ ಒಂದಿನಾನೂ ತಪ್ಪಿಸಿಲ್ಲ. ದೋಷ ಇಲ್ಲದಿದ್ರೆ ಡಿಪೋದಲ್ಲಿ ನಾವು ಖಾಲಿ ಬಿಡ್ತೀವಿ."

ಡಾಕ್ಟರು ಖಾಲಿ ಸಾಲುಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. ಕಣ್ಣು, ಕೈ, ನಾಡಿ ಎಲ್ಲ ನೋಡಿ, ಮೊದಲ ವಾರ ಜೊತೆಗೊಬ್ಬ ಡ್ರೈವರ್ ಇರಬೇಕೆಂಬ ಷರತ್ತಿನ ಮೇಲೆ ಚೀಟಿ ಬರೆದರು.

ಸೋಮವಾರ ಐದೂವರೆಗೆ ಬಸ್ಸು ಹೊರಟಾಗ, ಮುಂದಿನ ಸೀಟಿನಲ್ಲಿ ಅತ್ತೆ ಚೀಲ ತಬ್ಬಿಕೊಂಡು ಕೂತಿದ್ದರು. "ಜೊತೆಗೆ ಡ್ರೈವರ್ ಇದ್ದಾರಲ್ಲತ್ತೆ, ನೀವ್ಯಾಕೆ?" ಎಂದರೆ, "ನಿನ್ನ ಕಣ್ಣು ಮುಚ್ಚಿತಾ ಅಂತ ನೋಡೋಕೆ ನಾನೇ ಬೇಕು" ಎಂದಿದ್ದರು. ಅವಳು ಗೇರ್ ಹಾಕಿದಳು. ತಿರುವುಗಳು, ಸೇತುವೆ, ಕಾರ್ಖಾನೆಯ ಗೇಟು ಎಲ್ಲವೂ ಕೈಗೆ ನೆನಪಿದ್ದವು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಅವಳು ತಿರುಗಿ ನೋಡಿದಳು. ಅತ್ತೆಯ ತಲೆ ಕಿಟಕಿಗೆ ಒರಗಿತ್ತು, ಬಾಯಿ ತೆರೆದಿತ್ತು, ಸಣ್ಣಗೆ ಗೊರಕೆ ಬರುತ್ತಿತ್ತು. ಅವಳು ಎಂಜಿನ್ ಆರಿಸಿ, ಸದ್ದಾಗದಂತೆ ಬಾಗಿಲು ಮುಚ್ಚಿದಳು.