ಪಡುಮನೆ ಎಂಬ ಫೈಲು

ಸೌಮ್ಯಶ್ರೀಯ ಕಂಪ್ಯೂಟರಿನಲ್ಲಿ ಎರಡು ಪ್ರಿಂಟರುಗಳಿದ್ದವು. ಒಂದು ಮೇಜಿನ ಬಲಬದಿಗೆ ಕೂತು, ಕಾಗದ ಎಳೆದುಕೊಳ್ಳುವಾಗಲೆಲ್ಲ ಪಕ್ಕದ ಜ್ಯೂಸ್ ಅಂಗಡಿಗೂ ಕೇಳುವಂತೆ ಕೆಮ್ಮುತ್ತಿತ್ತು. ಇನ್ನೊಂದು ಬರೀ ಹೆಸರು. ಅದಕ್ಕೆ ಮೈಯಿಲ್ಲ, ಶಾಯಿ ಬೇಡ, ಸದ್ದಿಲ್ಲ. ಪ್ರಿಂಟ್ ಒತ್ತಿ ಆ ಹೆಸರನ್ನು ಆರಿಸಿದರೆ ಕಾಗದದ ಬದಲು ಪಿಡಿಎಫ್ ಆಗುತ್ತಿತ್ತು. ಎಲ್ಲಿಡಲಿ, ಏನು ಹೆಸರಿಡಲಿ ಎಂದು ಕೇಳುವ ಒಂದು ಚೌಕ ಬರುತ್ತಿತ್ತು, ಅಷ್ಟೆ.

ಹೆಸರಿನ ವಿಷಯದಲ್ಲಿ ಅವಳಿಗೆ ಒಂಬತ್ತು ವರ್ಷಗಳ ರೂಢಿಯಿತ್ತು. ಬೈಂದೂರಿನ ತಾಲೂಕು ಕಚೇರಿಯೆದುರು ಟೈಪಿಂಗ್ ಅಂಗಡಿ ಇಟ್ಟ ಮೊದಲ ವಾರವೇ ಅವಳಿಗೆ ತಿಳಿದುಹೋಗಿತ್ತು: ಒಂದೂರಿಗೆ ಐದು ಉಮಾನಾಥರು, ಏಳು ಸರೋಜರು. ಮನೆಹೆಸರು ಹೇಳಿದರೆ ಮಾತ್ರ ಮನುಷ್ಯ ಸಿಗುವುದು. ಹಾಗಾಗಿ ಫೈಲಿಗೂ ಮನೆಹೆಸರೇ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಬಂದ ನವ್ಯಶ್ರೀಯ ಅರ್ಜಿಗೂ ಅವಳು ಹಾಗೆಯೇ ಮಾಡಿದ್ದಳು. ಪಡುಮನೆ ಅಳಿಯಕಟ್ಟಿನ ಮನೆ, ಹೆಣ್ಣುಮಕ್ಕಳ ಸಾಲಿನಲ್ಲಿ ಇಳಿದು ಬಂದದ್ದು. ಅದನ್ನು ಈಗ ಸೋದರಮಾವ ಉಮಾನಾಥ ತನ್ನ ಗಂಡುಮಕ್ಕಳ ಹೆಸರಿಗೆ ಮಾಡಿಸುತ್ತಿದ್ದಾರೆ. ತಾಲೂಕು ಕಚೇರಿಯಲ್ಲಿ ತಕರಾರು ಸಲ್ಲಿಸಲು ಇವತ್ತು ಕೊನೆಯ ದಿನ, ಮೂರು ಗಂಟೆಯವರೆಗೆ ಮಾತ್ರ. ನವ್ಯಶ್ರೀ ಮುಖಕ್ಕೆ ಶಾಲು ಸುತ್ತಿಕೊಂಡೇ ಎರಡು ಗಂಟೆ ಕೂತು ನಾಲ್ಕು ಪುಟ ಹೇಳಿ ಬರೆಸಿದ್ದಳು.

"ಅಕ್ಕ, ಪೇಪರಗೆ ಬ್ಯಾಡ," ಎಂದಿದ್ದಳು. "ಪೇಪರ್ ಕೈಯಗೆ ಹಿಡ್ಕಂಡ್ ಬಸ್ ಹತ್ತಿರೆ ನಾಕ್ ಜನ ಕೇಂತ್ರ್. ಮಾವಂಗೆ ಗೊತ್ತಾದ್ರೆ ಅಮ್ಮನ್ನ ಇವತ್ತೇ ಮನಿಂದ ಹೊರಗ್ ಹಾಕ್ತ್ರ್. ಪಿಡಿಎಫ್ ಮಾಡಿ ಕುಂದಾಪ್ರದ್ ವಕೀಲ್ರಿಗ್ ಕಳ್ಸಿ, ಸಾಕ್. ಟೈಪ್ ಮಾಡಿದ್ದನ್ನೂ ಅಳ್ಸಿ."

ಅವಳೆದುರೇ ಅಳಿಸಿದ್ದಾಯಿತು. ಉಳಿದದ್ದು ಪಿಡಿಎಫ್ ಒಂದೇ. ಕಳಿಸೋಣವೆಂದರೆ ನೆಟ್ ಹೋಗಿತ್ತು; ಹೆದ್ದಾರಿಯ ಪಕ್ಕ ಅಗೆಯುವವರು ಕೇಬಲ್ ಕಡಿದಿದ್ದರು. ತಾನೇ ವಕೀಲರಿಗೆ ಮುಟ್ಟಿಸುತ್ತೇನೆಂದು ನವ್ಯಶ್ರೀ ಪೆನ್‌ಡ್ರೈವ್ ತರಲು ಹೋದಳು. ಬಂದ ಮೇಲೆ ಇನ್ನೊಮ್ಮೆ ಓದಲಿ ಎಂದು ಸೌಮ್ಯಶ್ರೀ ಫೈಲನ್ನು ತೆರೆದೇ ಇಟ್ಟು, ಪರದೆಯ ಕೆಳಗಿನ ಪಟ್ಟಿಗೆ ಇಳಿಸಿದಳು.

ಐದು ನಿಮಿಷವೂ ಆಗಿರಲಿಲ್ಲ. ಬಾಗಿಲೆದುರು ಬಿಳಿ ಕಾರು ನಿಂತಿತು.

"ಹ್ವಾಯ್, ಯಾರಿದ್ರಿ?"

ಪಡುಮನೆ ಉಮಾನಾಥರನ್ನು ಗುರುತಿಸದವರು ಆ ರಸ್ತೆಯಲ್ಲಿ ಇರಲಿಲ್ಲ. ಮುಂಬೈಯಲ್ಲಿ ಎರಡು ಹೋಟೆಲು, ಊರಿನಲ್ಲಿ ಎಲ್ಲ ಕಚೇರಿಗಳಲ್ಲೂ ಕುರ್ಚಿ ಎಳೆದು ಕೂರುವಷ್ಟು ಬಳಕೆ.

"ಕೂಕಣಿ," ಎಂದು ಸೌಮ್ಯಶ್ರೀ ಕುರ್ಚಿ ತೋರಿಸಿದಳು.

ಅವರು ಪೆನ್‌ಡ್ರೈವ್ ಮೇಜಿನ ಮೇಲಿಟ್ಟರು. "ಇದ್ರಗೆ ಒಂದ್ ಒಪ್ಪಿಗೆ ಪತ್ರ ಇತ್ತ್. ಪಿಡಿಎಫ್ ಮಾಡಿ ಇದ್ರಗೇ ಹಾಕ್. ಕಚೇರಿಯಗೆ ಹಾಂಗೇ ಬೇಕಂಬ್ರ್."

ಗಿರಾಕಿಗಳು ತಪ್ಪು ನೋಡಿ ಹೇಳಲೆಂದು ಅವರ ಕಡೆಗೆ ತಿರುಗಿಸಿಟ್ಟ ಇನ್ನೊಂದು ಪರದೆ ಮೇಜಿನ ಮೇಲಿತ್ತು. ಅವಳ ಪರದೆಯಲ್ಲಿ ಕಂಡದ್ದೆಲ್ಲ ಅದರಲ್ಲೂ ಕಾಣುತ್ತಿತ್ತು. ಸೌಮ್ಯಶ್ರೀ ಧೂಳು ಒರೆಸುವವಳಂತೆ ಅದನ್ನು ಸ್ವಲ್ಪ ಆಚೆ ತಿರುಗಿಸಿದಳು.

"ತಿರ್ಗ್ಸ್‌ಬ್ಯಾಡ ತಂಗಿ. ನಂಗೂ ಕಾಣ್ಲಿ." ಅವರು ಕನ್ನಡಕ ಹಾಕಿಕೊಂಡರು. "ನಾ ಹೋಟ್ಲಗೆ ಇಪ್ಪತ್ತ್ ವರ್ಷ ಕ್ಯಾಮರಾ ಕಂಡ್ಕಂಡೇ ಕೂತವ. ಪರದೆ ಇದ್ರೆ ಕಾಣ್ದೆ ಇಪ್ಪುಕೆ ಆತಿಲ್ಲೆ."

ಪತ್ರ ತೆರೆಯಿತು. 'ನನ್ನ ಅಕ್ಕನ ಮತ್ತು ಅಕ್ಕನ ಮಗಳ ಪೂರ್ಣ ಒಪ್ಪಿಗೆಯಿದ್ದು, ಯಾವುದೇ ತಕರಾರು ಇರುವುದಿಲ್ಲ.' ಸೌಮ್ಯಶ್ರೀ ಆ ಸಾಲನ್ನು ಓದದವಳಂತೆ ಪ್ರಿಂಟ್ ಒತ್ತಿದಳು. ಸದ್ದಿಲ್ಲದ ಪ್ರಿಂಟರನ್ನು ಆರಿಸಿದಳು. ಚೌಕ ಬಂತು, ಹೆಸರು ಕೇಳಿತು.

ಬಾಗಿಲಾಚೆ, ರಸ್ತೆಯ ಆ ಬದಿಯಲ್ಲಿ, ಶಾಲು ಸುತ್ತಿದ ಮುಖವೊಂದು ಬಿಳಿ ಕಾರನ್ನು ಕಂಡು ಗಕ್ಕನೆ ನಿಂತಿತು. ಸೌಮ್ಯಶ್ರೀ ಅತ್ತ ನೋಡಬಾರದು. ನೋಡಿದರೆ ಇವರೂ ತಿರುಗಿ ನೋಡುತ್ತಾರೆ.

"ಎಂತ ಕಾಂತಾ ಇದ್ದೆ ಹೆಣೆ? ನಮ್ಮನಿ ಹೆಸ್ರ್ ಹಾಕ್, ಸಾಕ್."

ಗಮನವೆಲ್ಲ ರಸ್ತೆಯ ಮೇಲಿತ್ತು. ಕೈ ತನ್ನ ಒಂಬತ್ತು ವರ್ಷಗಳ ರೂಢಿಯನ್ನು ಮಾಡಿ ಮುಗಿಸಿತು. 'ಪಡುಮನೆ' ಎಂದು ಟೈಪಿಸಿ ಎಂಟರ್ ಒತ್ತಿದ ಮೇಲೆಯೇ ಅವಳಿಗೆ ಹೊಳೆದದ್ದು.

ಪರದೆಯ ನಡುವೆ ಇಂಗ್ಲಿಷಿನ ಸಾಲುಗಳು ಮೂಡಿದವು. ಪಡುಮನೆ ಎಂಬ ಫೈಲು ಈಗಾಗಲೇ ಇದೆ. ಅದನ್ನು ತೆಗೆದು ಇದನ್ನು ಹಾಕಲೇ?

ಉಮಾನಾಥರು ಮುಂದಕ್ಕೆ ಬಾಗಿದರು. ತುಟಿ ಅಲ್ಲಾಡಿಸುತ್ತ ಓದಿದರು.

"ನಮ್ಮನಿ ಹೆಸ್ರಗೆ ಮೊದ್ಲೇ ಒಂದ್ ಇತ್ತಾ?"

"ಹಳೇದ್ ಕಾಣಿ. ಹೋದ್ ತಿಂಗ್ಳ್ ನೀವೇ ಮಾಡ್ಸಿದ್ದ್ ಇರ್ಕ್," ಎಂದಳು ಸೌಮ್ಯಶ್ರೀ.

"ಹೋದ್ ತಿಂಗ್ಳ್ ನಾ ಬೊಂಬಾಯಗೆ ಇದ್ದಿದ್ದೆ."

ಸೌಮ್ಯಶ್ರೀಗೆ ಆಡಿದ ಸುಳ್ಳು ಬಾಯಲ್ಲೇ ಅಡ್ಡ ನಿಂತ ಹಾಗಾಯಿತು.

"ಬೇರೆ ಪಡುಮನಿಯವ್ರ್ ಯಾರಾರೂ ಇಪ್ಪುಕೂ ಸಾಕ್," ಎಂದು ಇನ್ನೊಂದು ಸಾಧ್ಯತೆ ಮುಂದಿಟ್ಟಳು.

"ಇಪ್ಪುಕ್ ಸಾಕ್." ಉಮಾನಾಥರು ಹಿಂದಕ್ಕೆ ಒರಗಿದರು. ಮುಖದಲ್ಲಿ ನಗು ಇದ್ದ ಹಾಗಿತ್ತು. "ಹಳೇದ್ ಅಂದ್ಯಲೆ ನೀನೇ. ಹಳೇದಾರೆ ಎಂತಕೆ ಅದ್? ಅಳ್ಸ್. ಹೌದ್ ಅಂದೇಳಿ ಒತ್ತ್."

ಒತ್ತಿದರೆ ನಾಲ್ಕು ಪುಟ ಹೋಗುತ್ತದೆ. ಟೈಪ್ ಮಾಡಿದ್ದು ಇಲ್ಲ, ಕಾಗದದಲ್ಲಿ ಇಲ್ಲ, ವಕೀಲರ ಹತ್ತಿರವೂ ಇಲ್ಲ. ಗಡಿಯಾರದಲ್ಲಿ ಹನ್ನೆರಡೂಮುಕ್ಕಾಲು. ಒತ್ತದಿದ್ದರೆ ಆ ಫೈಲು ಹಳೆಯದಲ್ಲ ಎಂದು ಅವಳೇ ಹೇಳಿದ ಹಾಗೆ. ಬಾಣದ ಗುರುತನ್ನು ಅವಳು 'ಹೌದು' ಎಂಬಲ್ಲಿಗೆ ಒಯ್ದಳು, ಅಲ್ಲೇ ನಿಲ್ಲಿಸಿದಳು. ಆಗ ಪರದೆಯ ಕೆಳಗಿನ ಪಟ್ಟಿಯಲ್ಲಿ, ಸ್ವಲ್ಪ ಹೊತ್ತಿನ ಹಿಂದೆ ತಾನೇ ಇಳಿಸಿಟ್ಟ ಪಿಡಿಎಫ್‌ನ ಕೆಂಪು ಚುಕ್ಕೆ ಕಂಡಿತು.

ಅದು ಇನ್ನೂ ತೆರೆದಿದೆ.

ತೆರೆದಿಟ್ಟ ಪಿಡಿಎಫ್ ಮೇಲೆ ಇನ್ನೊಂದನ್ನು ಹಾಕಲು ಈ ಯಂತ್ರ ಒಪ್ಪುವುದಿಲ್ಲ. ಎಷ್ಟು ಸಲ ಅವಸರದಲ್ಲಿ ಅವಳೇ ಅದಕ್ಕೆ ಬೈದುಕೊಂಡಿದ್ದಳೋ ಲೆಕ್ಕವಿಲ್ಲ. ಇವತ್ತು ಮಾತ್ರ ಒಪ್ಪಿಬಿಟ್ಟರೆ? ಯಂತ್ರಗಳನ್ನು ಅವಳು ಎಂದೂ ಪೂರ್ತಿ ನಂಬಿದವಳಲ್ಲ. ಆದರೂ ಒತ್ತಿದಳು.

ಇನ್ನೊಂದು ಚೌಕ ಬಂತು. ಈ ಫೈಲು ಬಳಕೆಯಲ್ಲಿದೆ. ಬೇರೆ ಹೆಸರು ಕೊಡಿ.

"ಕಂಡ್ರ್ಯಾ," ಎಂದಳು. "ಅಳ್ಸುಕ್ ಆತಿಲ್ಲೆ." ಅವರು ಇನ್ನೊಮ್ಮೆ ಬಾಗುವ ಮೊದಲೇ ಉಮಾನಾಥ ಎಂದು ಹೆಸರು ಕೊಟ್ಟು ಉಳಿಸಿ, ಅವರ ಪೆನ್‌ಡ್ರೈವಿಗೆ ಹಾಕಿ, ಕಿತ್ತು ಕೈಗೆ ಕೊಟ್ಟಳು.

ಉಮಾನಾಥರು ತಕ್ಷಣ ಏಳಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ಬಳಕೆಯಗೆ ಇತ್ತ್ ಅಂದ್ರೆ ಯಾರೋ ಈಗ ತೆರ್ದ್ ಇಟ್ಟಿದ್ರ್ ಅಂದೇಳಿ ಅರ್ಥ ಅಲ್ದಾ? ನಂಗೆ ಇಂಗ್ಲಿಷ್ ಬತ್ತ್ ತಂಗಿ."

ಅವರು ಪರದೆಯತ್ತ ಬೆರಳು ತೋರಿಸಿದರು.

"ಅದನ್ನ ತೆಗ್ದ್ ತೋರ್ಸ್."

"ಇಲ್ಲೆ," ಎಂದಳು ಸೌಮ್ಯಶ್ರೀ. ಆ ಮಾತು ಹೊರಬಂದದ್ದು ಅವಳಿಗೇ ಆಶ್ಚರ್ಯವಾಯಿತು. "ಒಬ್ರದ್ದ್ ಇನ್ನೊಬ್ರಿಗೆ ತೋರ್ಸುದಿಲ್ಲೆ. ನಾಳೆ ಯಾರಾರೂ ಬಂದ್ ಕೇಂಡ್ರೆ ನಿಮ್ದೂ ತೋರ್ಸುದಿಲ್ಲೆ."

ಅವರು ಅವಳನ್ನೇ ನೋಡಿದರು. ಆಮೇಲೆ ನೂರರ ನೋಟೊಂದನ್ನು ಮೇಜಿನ ಮೇಲಿಟ್ಟು ಎದ್ದರು.

"ಅದಕ್ಕೆ ಮೂರ್ ಗಂಟಿ ಒಳ್ಗೆ ಕಚೇರಿ ಮುಟ್ಟುಕೆ ಆತ್ತಾ, ಕಾಂಬ. ಹೇಳ್ ಅವ್ಳಿಗೆ."

ಕಾರು ಹೋಯಿತು. ನವ್ಯಶ್ರೀ ಜ್ಯೂಸ್ ಅಂಗಡಿಯ ಮರೆಯಿಂದ ಬಂದಳು. ಕೈಯಲ್ಲಿ ಪೊಟ್ಟಣ ಒಡೆಯದ ಪೆನ್‌ಡ್ರೈವ್ ಇತ್ತು.

"ಅವ್ರಿಗ್ ಗೊತ್ತಾಯ್ತ್," ಎಂದಳು ಸೌಮ್ಯಶ್ರೀ. ನಡೆದದ್ದನ್ನೆಲ್ಲ ಹೇಳಿದಳು, ಒಪ್ಪಿಗೆ ಪತ್ರದ ಆ ಸಾಲನ್ನು ಬಿಟ್ಟು. ಆಮೇಲೆ ಅದನ್ನು ಬಚ್ಚಿಟ್ಟುಕೊಂಡು ಕೂರಲಾಗದೆ, "ನಿಂಗೆ ಪೂರ್ಣ ಒಪ್ಪಿಗೆ ಇತ್ತ್ ಅಂದೇಳಿ ಬರ್ಸಿದ್ರ್," ಎಂದಳು. ಒಬ್ಬರದ್ದು ಇನ್ನೊಬ್ಬರಿಗೆ ತೋರಿಸುವುದಿಲ್ಲವೆಂದು ಐದು ನಿಮಿಷದ ಹಿಂದಷ್ಟೇ ಅಂದವಳು ತಾನೇ ಎಂಬುದು ಅವಳಿಗೆ ನೆನಪಿತ್ತು.

ನವ್ಯಶ್ರೀ ಕುರ್ಚಿಯಲ್ಲಿ ಕೂತಳು. ಕೆಳಗಿನ ಪಟ್ಟಿಯಿಂದ ಫೈಲನ್ನು ತೆರೆಸಿ ನಾಲ್ಕೂ ಪುಟ ಓದಿದಳು. ಓದುತ್ತ ಓದುತ್ತ ಶಾಲು ಜಾರಿ ಹೆಗಲಿಗೆ ಬಿತ್ತು. ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ.

"ಇನ್ನ್ ಯಾರಿಂದ ಅಡಗ್ಸುದ್ ಅಕ್ಕ? ಕುಂದಾಪ್ರಕ್ಕೆ ಹೋಯಿ ಮುಟ್ಟುವತಿಗೆ ಹೊತ್ತಾತ್ತ್. ಇಲ್ಲೇ ಕಚೇರಿಗೆ ನಾನೇ ಕೊಡ್ತೆ. ಪೇಪರಗೇ ಹಾಕಿ, ಮೂರ್ ಕಾಪಿ."

"ಮೂರೆಂತಕೆ?"

"ಕಚೇರಿಗ್ ಒಂದ್, ಸೀಲ್ ಹಾಕ್ಸಿ ಇಟ್ಕಂಬುಕ್ ಒಂದ್. ಇನ್ನೊಂದ್ ಅಮ್ಮಂಗೆ. ಕಾಗ್ದ ಕೈಯಗೆ ಇದ್ರೆ ಅವ್ಳಿಗ್ ಧೈರ್ಯ."

ಸೌಮ್ಯಶ್ರೀ ಪಟ್ಟಿಯಲ್ಲಿ ಮೊದಲನೆಯ ಪ್ರಿಂಟರನ್ನು ಆರಿಸಿದಳು. ಬಲಬದಿಯ ಯಂತ್ರ ಒಮ್ಮೆ ಕೆಮ್ಮಿ ಎದ್ದಿತು. ಬೇರೆ ದಿನವಾಗಿದ್ದರೆ ಆ ಸದ್ದಿಗೆ ಅವಳು ಬಾಗಿಲ ಕಡೆ ನೋಡುತ್ತಿದ್ದಳು.

ಹನ್ನೆರಡನೆಯ ಹಾಳೆ ಹೊರಬಂದಾಗ ಒಂದೂಹತ್ತು. ಪುಟ ಜೋಡಿಸಿ ಪಿನ್ನು ಹೊಡೆದು ಕೊಟ್ಟಳು. ನವ್ಯಶ್ರೀ ಸಹಿ ಹಾಕುತ್ತಿದ್ದ ಹಾಗೆ ಇವಳು ಅಂಗಡಿಯ ಶಟರು ಅರ್ಧ ಇಳಿಸಿದಳು.

"ನೀವ್ ಎಲ್ಲಿಗ್ ಅಕ್ಕ?"

"ಕಚೇರಿಯಗೆ ಟಪಾಲ್ ತಕಂಬವ 'ಊಟಕ್ಕ್ ಹೋತೆ, ನಾಳೆ ಬಾ' ಅಂಬ. ನಂಗೆ ಅವ್ನ್ ಗುರ್ತ ಇತ್ತ್," ಎಂದಳು ಸೌಮ್ಯಶ್ರೀ. "ನಡಿ, ನಾನೂ ಬತ್ತೆ."