ಹೆಬ್ಬೆರಳಿನ ಮನೆ

ಗೂಟದಲ್ಲಿ ಎರಡು ಜೊತೆ ಕೈಗವಸು ತೂಗುತ್ತಿದ್ದವು. ಒಂದು ಅಂಗಡಿಯ ಕಪ್ಪು ಗವಸು, ಐದು ಬೆರಳಿನದು, ಸಡಿಲ. ಇನ್ನೊಂದು ಅತ್ತೆ ಹೊಲಿದದ್ದು. ಕ್ಯಾರಿಬೂ ಜಿಂಕೆಯ ಕಾಲಿನ ತೊಗಲು, ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕಕ್ಕೂ ಸೇರಿ ಇನ್ನೊಂದು. ಕೂನೂ ಅವುಗಳ ಕೆಳಗೆ ಕೂತು ಬೂಟಿನ ದಾರ ಕಟ್ಟುವ ನೆಪದಲ್ಲಿ ಹೊತ್ತು ಕಳೆಯುತ್ತಿದ್ದ. ಹೊರಗೆ ಸೊನ್ನೆಗಿಂತ ನಲವತ್ತೆರಡು ಡಿಗ್ರಿ ಕೆಳಗೆ. ಗಾಳಿ ಬೇರೆ.

ಬೆನ್ನ ಹಿಂದೆ ಮೇಜಿನ ಬಳಿ ಅತ್ತೆ ಊಲೀಪಿ ಚಹಾ ಕುಡಿಯುತ್ತಿದ್ದಳು. ಅವಳು ನೋಡುತ್ತಿದ್ದಾಳೆಂದು ತಿರುಗದೆಯೇ ಗೊತ್ತಾಗುತ್ತಿತ್ತು.

ಆ ಮನೆತನದಲ್ಲಿ ಅತ್ತೆ ಅಳಿಯ ಮುಖ ಕೊಟ್ಟು ಮಾತಾಡುವಂತಿಲ್ಲ. ಉತ್ತರಧ್ರುವದ ಬಳಿಯ ಆ ಊರಿನ ಎಳೆಯರು ಇದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಗಿತ್ತು, ಊಲೀಪಿ ಬಿಟ್ಟಿರಲಿಲ್ಲ. ಎರಡು ವರ್ಷದಿಂದ ಒಂದೇ ಸೂರಿನಡಿ ಇದ್ದರೂ ಅವಳ ಮಾತು ಕೂನೂಗೆ ತಲುಪುತ್ತಿದ್ದುದು ಹೆಂಡತಿ ಲೀಟಿಯಾಳ ಬಾಯಿಂದ, ಅವನ ಮಾತು ಅವಳಿಗೂ ಹಾಗೆಯೇ. ಲೀಟಿಯಾ ಹೆರಿಗೆಗೆಂದು ವಿಮಾನ ಹತ್ತಿ ದಕ್ಷಿಣದ ಆಸ್ಪತ್ರೆಗೆ ಹೋಗಿ ಐದು ವಾರವಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಸದ್ದು ಮಾಡುತ್ತಿದ್ದುದು ಕೆಟಲು ಮಾತ್ರ.

ಗವಸು ಹೊಲಿದದ್ದು ಲೀಟಿಯಾ ಹೋದ ಮೇಲೆ. ಊಲೀಪಿ ಅಳತೆಪಟ್ಟಿ ಹಿಡಿದವಳಲ್ಲ; ಮೈಯನ್ನು ಕಣ್ಣಲ್ಲಿ ಅಳೆದು, ಗೇಣಿನಿಂದ ತೊಗಲಿಗೆ ಇಳಿಸುವವಳು. ಅಳಿಯನ ಕೈ ಹಿಡಿದು ನೋಡುವುದಂತೂ ಆಗದ ಮಾತು. ಮೂರು ವಾರದ ಹಿಂದೆ ಒಂದು ಬೆಳಿಗ್ಗೆ ಅವನ ಮೋಟಾರು ಹಿಮಗಾಡಿಯ ಸೀಟಿನ ಮೇಲೆ ಗವಸು ಸುಮ್ಮನೆ ಕೂತಿತ್ತು. ಹಾಕಿಕೊಂಡ. ನಾಲ್ಕು ಬೆರಳಿಗೆ ಹಾಯೆನಿಸಿತು. ಬಲ ಹೆಬ್ಬೆರಳು ಮಾತ್ರ ಬುಡಕ್ಕೆ ದಾರ ಬಿಗಿದಂತೆ ಸಿಕ್ಕಿಕೊಂಡಿತು.

ಹಿಮಗಾಡಿಯ ಹಿಡಿಯಲ್ಲಿರುವ ವೇಗದ ಸನ್ನೆಯನ್ನು ಒತ್ತಿ ಹಿಡಿಯುವುದು ಆ ಬೆರಳೇ. ಮುಷ್ಟಿಯೊಳಗೆ ಎಳೆದುಕೊಂಡು ಕಾಯಿಸೋಣವೆಂದರೆ ಗಾಡಿ ನಿಲ್ಲುತ್ತದೆ. ಗವಸು ಬಿಗಿಯಾದರೆ ರಕ್ತ ತುದಿಗೆ ಹೋಗುವುದಿಲ್ಲ. ರಕ್ತ ಹೋಗದ ಬೆರಳನ್ನು ಯಾವ ತೊಗಲೂ ಕಾಯಲಾರದು. ಹೆಬ್ಬೆರಳು ಹೋದರೆ ಬೇಟೆ ಹೋಯಿತು. ಆಮೇಲೆ ಆ ಮನೆಯಲ್ಲಿ, ಆ ಮೇಜಿನ ಬಳಿ, ದಿನವೆಲ್ಲ ಅತ್ತೆಯೆದುರು ಬಾಯಿ ಮುಚ್ಚಿ ಕೂರುವುದು.

ಯಾರಿಗೆ ಹೇಳುವುದು? ಅವಳು ಕಿಟಕಿಯ ಬೆಳಕಿಗೆ ಸೂಜಿ ಹಿಡಿದು, ದಾರ ಪೋಣಿಸಲಾಗದೆ, ಎಂಜಲಿಗೆ ಒದ್ದೆ ಮಾಡಿ ಮತ್ತೆ ಮತ್ತೆ ಹವಣಿಸುವುದನ್ನು ಅವನು ಕಂಡಿದ್ದ. ಗವಸು ಬೇಡವೆಂದರೆ ನಿನ್ನ ಕಣ್ಣು ಹೋಯಿತು ಎಂದಂತೆ. ಹಾಗಾಗಿ ಮೂರು ವಾರವೂ ಮನೆಯಿಂದ ಅವಳ ಗವಸಿನಲ್ಲಿ ಹೊರಟು, ಮನೆಗಳು ಮರೆಯಾದೊಡನೆ ಕಪ್ಪು ಗವಸಿಗೆ ಬದಲಿಸುತ್ತಿದ್ದ. ಇವತ್ತು ಅದೂ ಇಲ್ಲ. ಮೀನಿನ ಕೆರೆಗೆ ಐದು ತಾಸಿನ ದಾರಿ, ಅತ್ತೆ ಅವನ ಗಾಡಿಯ ಹಿಂದೆ ಕಟ್ಟಿದ ಜಾರುಬಂಡಿಯಲ್ಲೇ ಕೂತು ಬರುತ್ತಾಳೆ.

ಬಾಗಿಲು ತಳ್ಳಿಕೊಂಡು ಬಾಮೈದ ಸಿಮಿಯೋನಿ ಬಂದ.

"ಏನ್ ಬಾವ, ಹತ್ ನಿಮಿಷದಿಂದ ಒಂದೇ ಬೂಟು ಕಟ್ತಿದೀಯ. ಇನ್ನೊಂದು ಕಾಲು ಬೇಜಾರ್ ಮಾಡ್ಕೊಂಡೀತು."

"ಆಯ್ತು ಕಣೋ, ಬಂದೆ."

ಕೂನೂನ ಕೈ ಕಪ್ಪು ಗವಸಿನತ್ತ ಹೋಯಿತು.

"ಅಯ್ಯೋ, ಅದಾ? ಅದು ದಕ್ಷಿಣದಿಂದ ಬರೋ ಮೇಷ್ಟ್ರುಗಳು ಹಾಕ್ಕೊಳೋದು. ಅಮ್ಮಾ, ನೋಡಿಲ್ಲಿ, ನಿನ್ನ ಅಳಿಯ ಪಾಠ ಹೇಳೋಕೆ ಹೊರಟಿದಾನೆ!"

ಹಿಂದೆ ಲೋಟ ಮೇಜಿನ ಮೇಲೆ ಇಟ್ಟ ಸದ್ದು. ಅಷ್ಟೇ. ಕೂನೂ ತೊಗಲಿನ ಗವಸನ್ನು ತೆಗೆದುಕೊಂಡ.

ಸಿಮಿಯೋನಿಯ ಗಾಡಿ ಡೇರೆ, ಎಣ್ಣೆ ಹೊತ್ತು ಮುಂದೆ ಓಡಿತು. ಸ್ವಲ್ಪ ಹೊತ್ತಿಗೆ ಚುಕ್ಕೆಯಾಯಿತು, ಆಮೇಲೆ ಅದೂ ಇಲ್ಲ. ಹೆಪ್ಪುಗಟ್ಟಿದ ಕಡಲಿನ ಮೇಲೆ ಉಳಿದದ್ದು ಇವರಿಬ್ಬರು. ಮೊದಲು ಹೆಬ್ಬೆರಳು ಚುಚ್ಚಿತು, ಆಮೇಲೆ ಉರಿಯಿತು. ಉರಿ ಇರುವತನಕ ಭಯವಿರಲಿಲ್ಲ. ಕರಿಬಂಡೆಯ ನಡುಗಡ್ಡೆ ದಾಟುವಾಗ ಉರಿ ನಿಂತಿತು. ಅವನು ಅಂಗೈಯ ಅಂಚಿನಿಂದ ಒತ್ತಿ ನೋಡಿದ. ಗಾಡಿ ಮುಗ್ಗರಿಸಿತು, ಹಿಂದೆ ಜಾರುಬಂಡಿ ದಡಬಡಿಸಿತು. ಎಡಗೈ ಚಾಚಿ ಒತ್ತಿದ. ಗಾಡಿ ಅಡ್ಡ ತಿರುಗಿತು. ಇನ್ನೊಂದು ಮೈಲಿ, ಆಮೇಲೆ ನಿಲ್ಲಿಸುತ್ತೇನೆ ಎಂದುಕೊಂಡ. ಆ ಮೈಲಿ ಕಳೆದ ಮೇಲೆ ಇನ್ನೊಂದು. ಕೊನೆಗೆ ಬೆರಳು ತಾನಾಗಿ ಜಾರಿ ಗಾಡಿ ನಿಂತುಹೋಯಿತು.

ಗವಸು ಎಳೆದ. ಬರಲಿಲ್ಲ. ಬೆನ್ನು ತಿರುಗಿಸಿ ಕೂತೇ ಇದ್ದ. ಹಿಮದ ಮೇಲೆ ಸಣ್ಣ ಹೆಜ್ಜೆಗಳು ಕಿರುಗುಟ್ಟುತ್ತ ಹತ್ತಿರ ಬಂದವು. ಊಲೀಪಿ ಗಾಡಿಯ ಆಚೆ ಬದಿಗೆ ನಿಂತು, ಅವನ ಮುಖ ನೋಡದೆ, ಗಾಡಿಯ ಮೂತಿಯ ಮೇಲೆ ಕೈಯಿಟ್ಟಳು.

"ಏ ಗಾಡಿ," ಎಂದಳು, "ನಿನ್ ಮೇಲೆ ಕೂತಿರೋನು ಯಾಕೆ ನಿಲ್ಸಿದ ಕೇಳು."

ಎರಡು ವರ್ಷದಲ್ಲಿ ಅವನಿಗಾಗಿ ಆ ದನಿ ಹೊರಟದ್ದು ಇದೇ ಮೊದಲು. ಕೂನೂ ಗಾಡಿಯ ಹಿಡಿಯತ್ತ ಬಾಗಿದ.

"ಗಾಡಿ... ಹೆಬ್ಬೆರಳು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಅಂತ ಹೇಳು."

"ಎಷ್ಟೊತ್ತಿಂದ?"

"ಕರಿಬಂಡೆ ದಾಟಿದಾಗ್ನಿಂದ."

"ಗವಸು ಬಿಗಿ ಅಂತ ಗೊತ್ತಾಗಿದ್ದು ಯಾವತ್ತು?"

"ಮೊದಲ್ನೇ ದಿನ."

"ಮೂರು ವಾರ!" ಅವಳು ಗಾಡಿಯ ಮೂತಿಗೆ ಒಂದು ಬಿಟ್ಟಳು. "ಬಾಯಿ ಇರ್ಲಿಲ್ವಾ ಕೇಳು ಇವನ್ನ. ಗೋಡೆ ಇರ್ಲಿಲ್ವಾ? ಕೆಟಲ್ ಇರ್ಲಿಲ್ವಾ? ಯಾವುದಕ್ಕೆ ಹೇಳಿದ್ರೂ ನಂಗೆ ಕೇಳಿಸ್ತಿತ್ತು, ನಂಗೆ ಹೋಗಿರೋದು ಕಣ್ಣು, ಕಿವಿಯಲ್ಲ!"

ತೊಗಲು ಕತ್ತರಿಸುವ ಅರ್ಧಚಂದ್ರಾಕಾರದ ಕತ್ತಿಯನ್ನು ಅವಳು ಚೀಲದಿಂದ ತೆಗೆದಳು. ಅವನು ಕೈಯನ್ನು ಸೀಟಿನ ಮೇಲೆ ಚಾಚಿದ, ಮುಖ ಆ ಕಡೆ. ತಡವಿ ತಡವಿ ಹೊಲಿಗೆ ಹುಡುಕಿ ಅವಳು ಸೀಳಿದಳು. ಬೆರಳು ಮೇಣದಬತ್ತಿಯಂತೆ ಬೆಳ್ಳಗಿತ್ತು. ಸೀಳಿದ ತೊಗಲನ್ನು ಅವಳು ಬೆರಳುಗಳ ನಡುವೆ ತಿರುವಿದಳು.

"ಇದು ನಮ್ಮನೆಯವರ ಕೈ," ಎಂದಳು, ತೀರಿಹೋದ ಗಂಡನನ್ನು ನೆನೆದು. "ಮೂವತ್ತು ವರ್ಷ ಅವರೊಬ್ಬರ ಕೈಗೇ ಕತ್ತರಿಸ್ದೆ ನೋಡು ಗಾಡಿ. ಕಣ್ಣು ಕಾಣ್ದೆ ಇದ್ರೆ ಕತ್ತಿ ತಾನಾಗೇ ಅಲ್ಲಿಗೆ ಹೋಗುತ್ತೆ."

ಆಮೇಲೆ ಬಿರುಸಾಗಿ: "ಉಜ್ಜೋದ್ ಬೇಡ ಅನ್ನು. ಅಂಗಿಯೊಳಗೆ ಕಂಕುಳಲ್ಲಿ ಇಟ್ಕೊಳ್ಳಲಿ. ನೋವು ಬಂದ್ರೆ ಬೆರಳು ಇದೆ. ಬರ್ದೇ ಇದ್ರೆ..."

ಇಬ್ಬರೂ ಕಾದರು. ಗಾಳಿ ಇಬ್ಬರ ನಡುವಿನಿಂದ ಹಾದುಹೋಗುತ್ತಿತ್ತು. ಕಂಕುಳಲ್ಲಿ ಇರುವುದು ಬೇರೆ ಯಾರದೋ ಬೆರಳು ಅನ್ನಿಸುತ್ತಿತ್ತು ಅವನಿಗೆ. ಎಷ್ಟೋ ಹೊತ್ತಿನ ಮೇಲೆ ಬುಡದಲ್ಲಿ ಒಂದು ಸೂಜಿ, ಆಮೇಲೆ ಹತ್ತು, ಆಮೇಲೆ ಕಾದ ಕಬ್ಬಿಣ. ತುದಿ ಇನ್ನೂ ಸುಮ್ಮನಿತ್ತು. ಅವನು ಹಲ್ಲು ಕಚ್ಚಿದ. ಅತ್ತೆಯೆದುರು ಅಳಿಯ ಬಾಯಿ ಬಿಡುವಂತಿಲ್ಲ. ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟಿತು.

"ಗಾಡಿ," ಎಂದಳು ಊಲೀಪಿ, "ಕಿರುಚಬೇಕು ಅನ್ಸಿದ್ರೆ ಕಿರುಚ್ಲಿ ಅಂತ ಹೇಳು. ನಾನು ಆ ಕಡೆ ತಿರುಗ್ಕೋತೀನಿ."

ಅವಳು ತಿರುಗಿ ನಿಂತಳು. ಕೂನೂ ಬಾಯಿ ತೆರೆದ. ಹೊರಟ ಕೂಗು ಎಲ್ಲಿಗೂ ತಗುಲದೆ ಮಂಜಿನ ಬಯಲಿನಲ್ಲಿ ಹೋಯಿತು, ಹೋಗುತ್ತಲೇ ಇತ್ತು. ಅದು ಬೆರಳಿನ ನೋವಿಗಿಂತ ಉದ್ದವಾಗಿತ್ತು. ಅದು ಮುಗಿಯುವವರೆಗೂ ಮುದುಕಿ ಬೆನ್ನು ಹಾಕಿಕೊಂಡೇ ನಿಂತಿದ್ದಳು.