ಜವರಮ್ಮನ ಹುರುಳಿ ಸಾರಿನ ಮಡಕೆ

ನಾನು ಒಂದು ಮಡಕೆ. ನೀರಿನ ಮಡಕೆಯಲ್ಲ, ಸಾರಿನ ಮಡಕೆ. ಈ ವ್ಯತ್ಯಾಸ ತಿಳಿಯದವರ ಹತ್ತಿರ ನನಗೆ ಮಾತಿಲ್ಲ.

ಹುಟ್ಟಿದ್ದು ಕೆರೆಯ ಮಣ್ಣಿನಿಂದ. ಕುಂಬಾರ ಚೌಡಶೆಟ್ಟಿ ನನ್ನನ್ನು ಚಕ್ರದ ಮೇಲೆ ತಿರುಗಿಸಿ, ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಬರಿಸಿದ. ಆವಿಗೆಯ ಬೆಂಕಿಯಲ್ಲಿ ಬೇಯುವಾಗ ಅಕ್ಕಪಕ್ಕದ ಕೆಲವರು ಒಡೆದುಹೋದರು, ನಾನು ಉಳಿದೆ. ಆ ಜಂಬ ಇನ್ನೂ ಹೋಗಿಲ್ಲ.

ಸಂತೆಯಲ್ಲಿ ನನ್ನನ್ನು ಕೊಂಡವಳು ಜವರಮ್ಮ. ಸಾಲಿನಲ್ಲಿದ್ದ ಮಡಕೆಗಳನ್ನೆಲ್ಲ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, ಕೊನೆಗೆ ನನ್ನ ಕುತ್ತಿಗೆ ಹಿಡಿದಳು. "ಇದು ಗಟ್ಟಿ ಅದೆ, ಕೊಡಪ್ಪ" ಎಂದಳು. ಮನೆಗೆ ಒಯ್ದವಳೇ ಗಂಜಿ ಕುದಿಸಿ ನನ್ನ ಹೊಟ್ಟೆ ತುಂಬಾ ಹುಯ್ದು ಪಳಗಿಸಿದಳು. ಅಂದಿನಿಂದ ನನ್ನ ಮೈಗೆ ಸೋಪು ತಾಗಿಲ್ಲ. ತೊಳೆಯುವುದು ಬಿಸಿನೀರು, ಹುಣಸೆಹಣ್ಣಿನಲ್ಲಿ ಮಾತ್ರ. ಮಣ್ಣಿನ ಮಡಕೆ ಸೋಪನ್ನು ಕುಡಿದುಬಿಟ್ಟರೆ ಸಾರಿನಲ್ಲಿ ಅದನ್ನೇ ಕಕ್ಕುತ್ತದೆ ಎಂದು ಆಕೆಗೆ ಗೊತ್ತಿತ್ತು.

ಜವರಮ್ಮನ ಹೋಟೆಲ್ ಇರುವುದು ನಾಗಮಂಗಲದ ರಸ್ತೆಯಲ್ಲಿ, ಬಸವನಕಟ್ಟೆ ಗೇಟಿನ ಹತ್ತಿರ. ಊರಿಗೆ ತಿರುಗುವ ಕಡೆಯನ್ನು ಇಲ್ಲಿ ಗೇಟ್ ಎನ್ನುತ್ತಾರೆ, ಗೇಟೇನೂ ಇಲ್ಲ. ಹೋಟೆಲಿಗೂ ಬೋರ್ಡಿಲ್ಲ. ತಗಡಿನ ಸೂರು, ಎರಡು ಬೆಂಚು, ಒಂದು ಒಲೆ, ನಾನು. ಹುರುಳಿ ಸಾರು ಎಲ್ಲಿ ಚೆನ್ನಾಗಿರುತ್ತದೆ ಎಂದು ಆ ರಸ್ತೆಯಲ್ಲಿ ಯಾರನ್ನೇ ಕೇಳಿದರೂ ಕೈ ಈ ಕಡೆಗೇ ತೋರಿಸುತ್ತಿದ್ದರು.

ಹುರುಳಿ ಬೇಯಿಸಿ ಬಸಿದ ನೀರಿಗೆ ಕಟ್ಟು ಎಂದು ಹೆಸರು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕಾಯಿತುರಿ, ಜೊತೆಗೆ ಒಂದು ಹಿಡಿ ಬೆಂದ ಕಾಳನ್ನು ರುಬ್ಬಿ, ಹುಣಸೆಹುಳಿ ಕಿವುಚಿ ಕಟ್ಟಿಗೆ ಬಿಡುತ್ತಿದ್ದಳು. ಮಿಕ್ಕಿದ್ದು ಬೆಂಕಿಯ ಕೆಲಸ, ನನ್ನ ಕೆಲಸ. ಕುದಿ ಬಂದ ಮೇಲೆ ಉಪ್ಪು ಹಾಕಿ, ಸೌಟಿನಿಂದ ನಾಲ್ಕು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕುವಳು. ನಾಲಿಗೆ ಒಪ್ಪಿದರೆ ಮುಚ್ಚಳ ಬೀಳುತ್ತಿತ್ತು. ಸಾರಿನ ಸೌಟು ಒಂದೇ ಕೈಯಲ್ಲಿರಬೇಕು ಎಂಬುದು ಆಕೆಯ ಅತ್ತೆ ಹಾಕಿಕೊಟ್ಟ ಕಟ್ಟಳೆ. ಹಾಗಾಗಿ ಸೊಸೆ ಇಂದ್ರಾಣಿ ಬಂದ ಮೇಲೂ ಅವಳ ಪಾಲಿಗೆ ಸಿಕ್ಕಿದ್ದು ಮುದ್ದೆ ತಿರುವುವುದು, ತಟ್ಟೆ ತೊಳೆಯುವುದು. ನನ್ನ ಹತ್ತಿರ ಅವಳನ್ನು ಬಿಡುತ್ತಿರಲಿಲ್ಲ. ನನಗೂ ಅದರಲ್ಲಿ ಒಂದು ಬಿಗುಮಾನವಿತ್ತು.

ಒಂದು ಮಳೆಗಾಲದಲ್ಲಿ ಜವರಮ್ಮನಿಗೆ ಜ್ವರ ಬಂತು. ಹೋಟೆಲಿಗೆ ಬೀಗ ಬಿತ್ತು, ನಾನು ಬೋರಲಾಗಿ ಒಣಗಿದೆ. ಚೇತರಿಸಿಕೊಂಡು ಬಂದವಳು ಎಂದಿನಂತೆ ಸಾರು ಕುದಿಸಿ ಅಂಗೈ ನೆಕ್ಕಿದಳು. ಮತ್ತೆ ನೆಕ್ಕಿದಳು. ಬಗ್ಗಿ ನನ್ನ ಹಬೆಯನ್ನು ಎದೆ ತುಂಬಾ ಎಳೆದುಕೊಂಡಳು. ಆ ಕಣ್ಣುಗಳನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

"ನಾಲ್ಗೆ ಸತ್ತೋಗದೆ ಕಣಪ್ಪ" ಎಂದು ನನ್ನ ಬಾಯಿಯ ಹತ್ತಿರ ಪಿಸುಗುಟ್ಟಿದಳು. "ಯಾರ್ಗೂ ಹೇಳ್ಬ್ಯಾಡ. ಸೌಟು ಬುಟ್ಬುಟ್ರೆ ಇಲ್ಲಿ ನಾನು ಯಾರು?"

ಮಡಕೆಗೆ ಗುಟ್ಟು ಹೇಳಿದರೆ ಕಷ್ಟವಿಲ್ಲ, ನಾವು ಆಡುವುದಿಲ್ಲ. ಆದರೆ ಸಾರು ಆಡಿಬಿಡುತ್ತದೆ. ಉಪ್ಪು ಹಾಕಿ, ಸಾಲದೇನೋ ಎಂದು ಅನುಮಾನ ಬಂದು, ಮತ್ತೊಂದು ಸಲ ಹಾಕುವಳು. ತಿನ್ನುವವರು ಮಜ್ಜಿಗೆ ಕೇಳಿ ಕುಡಿದು ಎದ್ದುಹೋದರು. ದಿನವೂ ಎರಡನೇ ಸಲ ಸಾರು ಬಿಡಿಸಿಕೊಳ್ಳುತ್ತಿದ್ದ ಹಾಲಿನ ಲಾರಿಯ ದ್ಯಾವಣ್ಣ ಒಂದು ಸೌಟಿಗೇ ಕೈ ಅಡ್ಡ ಹಿಡಿದ. ಆಮೇಲೆ ಅವನ ಲಾರಿ ನಿಲ್ಲದೆ ಮುಂದೆ ಹೋಗತೊಡಗಿತು. ಜವರಮ್ಮ ಅದರ ಹಾರನ್ ಕೇಳಿದಾಗಲೆಲ್ಲ ತಲೆ ಎತ್ತಿ ರಸ್ತೆ ನೋಡುತ್ತಿದ್ದಳು.

ಇಂದ್ರಾಣಿಗೆ ಗೊತ್ತಾಗದೆ ಇರುತ್ತದೆಯೇ? ಮಿಕ್ಕಿದ ಸಾರಿನಲ್ಲೇ ಅವಳೂ ಉಣ್ಣುವುದು. ಅತ್ತೆ ಹಿತ್ತಲಿಗೆ ಹೋದಾಗ, ಮುದ್ದೆಗೆ ಇಟ್ಟ ಬಿಸಿನೀರನ್ನು ಒಂದು ಚೊಂಬು ತಂದು ನನ್ನೊಳಗೆ ಹುಯ್ದು, ಸದ್ದಿಲ್ಲದೆ ಮುಚ್ಚಳ ಮುಚ್ಚುತ್ತಿದ್ದಳು. ಸಾರು ತೆಳ್ಳಗಾಯಿತು, ಆದರೂ ಬಾಯಿಗಿಡುವಂತಾಯಿತು. ಜವರಮ್ಮನ ಕಣ್ಣು ಚುರುಕು. ಸೌಟಿನಿಂದ ನೀರುನೀರಾಗಿ ಇಳಿದ ಸಾರು ಕಂಡವಳೇ ಸಿಡಿಮಿಡಿಗೊಂಡಳು.

"ನನ್ ಸಾರ್ಗೆ ನೀರು ಹುಯ್ದು ಹೆಸ್ರು ಕೆಡುಸ್ಬೇಕು ಅಂತಿದ್ದೀಯಾ?"

ಇಂದ್ರಾಣಿ ತಲೆ ತಗ್ಗಿಸಿ ಮುದ್ದೆಯ ಕೋಲು ತಿರುವತೊಡಗಿದಳು. ನನಗೆ ಬಾಯಿ ಅಗಲವಾಗಿದ್ದೂ ಮಾತಿಲ್ಲವಲ್ಲ ಎಂದು ಆ ದಿನ ನಿಜವಾಗಿಯೂ ನೋವಾಯಿತು.

ಹೀಗಿರುವಾಗ ಮೈಸೂರಿನಿಂದ ಒಬ್ಬ ಹುಡುಗಿ ಬಂದಳು. ಯಾವ ಊರಿನ ಯಾವ ಅಡುಗೆಯನ್ನು ಎಲ್ಲಿ ತಿನ್ನಬೇಕು ಎಂದು ಫೋನಿನಲ್ಲಿ ವಿಡಿಯೋ ಮಾಡಿ ಜನಕ್ಕೆ ತೋರಿಸುವವಳು. ಬೆಂಚು, ಒಲೆ, ನನ್ನ ಕಪ್ಪು ಹಿಡಿದ ತಳ, ಎಲ್ಲವನ್ನೂ ಹಿಡಿದಳು. ನಾನು ಸ್ವಲ್ಪ ಉಬ್ಬಿದೆ.

"ಅಮ್ಮಾ, ನೀವೇ ಒಂದ್ಸಲ ರುಚಿ ನೋಡಿ, ಹೇಗಿದೆ ಅಂತ ಹೇಳಿ" ಎಂದಳು.

ಜವರಮ್ಮ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿದಳು. ಚೆನ್ನಾಗಿದೆ ಎಂದರೆ ಮುಗಿಯುತ್ತಿತ್ತು. ಬೆಂಚಿನ ಮೇಲಿದ್ದವರು ತಟ್ಟೆ ನೋಡುತ್ತಾ ಕುಳಿತಿದ್ದರು. ಜವರಮ್ಮ ಸೌಟನ್ನು ಮತ್ತೆ ನನ್ನೊಳಗೆ ಅದ್ದಿದಳು.

"ಇಂದ್ರಾಣಿ, ಬಾ ಇಲ್ಲಿ. ಕೈ ಹಿಡಿ."

ಮೊದಲ ಸಲ ಆ ಸೌಟು ಇನ್ನೊಂದು ಅಂಗೈ ಮೇಲೆ ಬಾಗಿತು.

"ನೀನು ಹೇಳವ್ವ. ಜರ ಬಂದಾಗ್ನಿಂದ ನಂಗೇನೂ ಗೊತ್ತಾಯ್ತಿಲ್ಲ."

ಹುಡುಗಿ ಫೋನು ಕೆಳಗಿಳಿಸಿದಳು. ಇಂದ್ರಾಣಿ ನೆಕ್ಕಿ, ಅತ್ತೆಯ ಮುಖ ನೋಡಿದಳು. "ಉಪ್ಪು ಜಾಸ್ತಿ ಆಗದೆ ಅತ್ತೆ."

"ಅದ್ಕೇ ನೀರು ಹುಯ್ತಿದ್ಯಾ?"

"ಊಂ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ನೀವು ಹೇಳಿದ್ರಾ?"

ಜವರಮ್ಮ ಒಲೆಯ ಮುಂದೆಯೇ ಕುಸಿದು ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆ ಕಣ್ಣಿಗೆ ಹೋಯಿತು ಎಂದಳು. ಆಗ ಒಲೆಯಲ್ಲಿ ಹೊಗೆ ಇರಲಿಲ್ಲ.

ಮರುದಿನದಿಂದ ಸೌಟು ಇಂದ್ರಾಣಿಯದು, ಉಪ್ಪು ಮಾತ್ರ ಜವರಮ್ಮನದು. ಒಂದೇ ಹಿಡಿ ಹಾಕಿಸಿ ಇಂದ್ರಾಣಿ ಅಂಗೈ ನೆಕ್ಕಿದಳು. ಉಪ್ಪು ಸರಿಯಾಗಿತ್ತು. ಜವರಮ್ಮನ ನಾಲಿಗೆ ಹೋಗಿದ್ದರೂ ಕೈ ಏನನ್ನೂ ಮರೆತಿರಲಿಲ್ಲ. ತಪ್ಪಿದ್ದೆಲ್ಲ ಆ ಎರಡನೇ ಹಿಡಿಯಲ್ಲಿತ್ತು. ಕೆಲವು ದಿನ ಕಳೆದ ಮೇಲೆ ದ್ಯಾವಣ್ಣನ ಲಾರಿಯೂ ನಿಂತಿತು. ಏನೂ ಆಗದವನಂತೆ ಬಂದು ಕುಳಿತು, ಎರಡನೇ ಸಲ ಸಾರು ಬಿಡಿಸಿಕೊಂಡ.

ಬೆಂಕಿಯ ಜೊತೆ ಬಾಳಿದವರಿಗೆ ಆಯಸ್ಸು ದೊಡ್ಡದಲ್ಲ. ಒಂದು ಬೆಳಿಗ್ಗೆ ನನ್ನ ತಳದಿಂದ ಸಾರು ಜಿನುಗಿ ಕೆಂಡದ ಮೇಲೆ ಚುಂಯ್ ಎಂದಿತು. ಜವರಮ್ಮ ಗೆಣ್ಣಿನಿಂದ ಕುಟ್ಟಿದಳು. ನನ್ನ ದನಿ ಬಿದ್ದುಹೋಗಿತ್ತು. ಸಂತೆಯಿಂದ ಹೊಸ ಮಡಕೆ ಬಂತು. ಅದನ್ನು ಗಂಜಿ ಹುಯ್ದು ಪಳಗಿಸಿದವಳು ಇಂದ್ರಾಣಿ. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ತಿಪ್ಪೆಗೆ ಎಸೆಯುತ್ತಾರೆ ಎಂದುಕೊಂಡಿದ್ದೆ. ಜವರಮ್ಮ ನನ್ನನ್ನು ಒಲೆಯ ಬಲಗಡೆ, ಕೈಗೆಟುಕುವಂತೆ ಇಟ್ಟು ಉಪ್ಪು ತುಂಬಿದಳು. ಉಪ್ಪಿನ ಮಡಕೆ ಬರಿದಾಗಬಾರದು ಎಂಬುದು ಈ ಮನೆಯ ಇನ್ನೊಂದು ಕಟ್ಟಳೆ. ಹಾಗಾಗಿ ಈಗ ನನ್ನ ಹೊಟ್ಟೆ ಎಂದೂ ಖಾಲಿ ಇರುವುದಿಲ್ಲ.

ದಿನವೂ ಆ ಮುದಿ ಕೈ ನನ್ನೊಳಗೆ ಬರುತ್ತದೆ. ಒಂದು ಹಿಡಿ ಒಯ್ಯುತ್ತದೆ. ಸ್ವಲ್ಪ ಹೊತ್ತಿಗೆ ಹಳೆಯ ಅನುಮಾನ ಹೊತ್ತು ಮತ್ತೆ ಬರುತ್ತದೆ. ಉಪ್ಪು ಹಿಡಿದು, ನನ್ನೊಳಗೇ ಕಾಯುತ್ತಾ ನಿಲ್ಲುತ್ತದೆ. ಹೊರಗೆ ಇಂದ್ರಾಣಿ ಅಂಗೈ ನೆಕ್ಕುತ್ತಿರುತ್ತಾಳೆ.

"ಸಾಕು ಅತ್ತೆ. ಸರಿಯಾಗದೆ."

ಆಗ ಆ ಬೆರಳುಗಳು ಮೆಲ್ಲಗೆ ಬಿಚ್ಚಿಕೊಳ್ಳುತ್ತವೆ. ಉಪ್ಪು ನನ್ನೊಳಗೇ ಉದುರುತ್ತದೆ.